ತಲಕಾಡು ನಂಜನಗೂಡುಗಳ ಗಜಕಥೆಗಳು

ಕಾವ್ಯದಲ್ಲಾಗಲಿ ಶಿಲ್ಪದಲ್ಲಾಗಲಿ ಆನೆಯು ಕಾಣಿಸಿಕೊಂಡೊಡನೆ ಅದನ್ನು ಅಲಂಕಾರವೆಂದೆಣಿಸಿ ಮುಂದೆ ಸಾಗುವುದು ವಿಮರ್ಶಕರ ವಾಡಿಕೆ. ಗಜಗಮನೆ, ದಿಗ್ಗಜ ಮೊದಲಾದ ಪ್ರಯೋಗಗಳು ಈ ವಾಡಿಕೆಯನ್ನು ಬಲಪಡಿಸಿವೆ. ಆದರೆ ತಿರುಮಕೂಡಲು ನರಸೀಪುರ, ನಂಜನಗೂಡು ಸೀಮೆಗಳಲ್ಲಿ ಪ್ರಚಾರದಲ್ಲಿರುವ ಎರಡು ಕಥೆಗಳಿಗೆ ಈ ಮಾತು ಸಲ್ಲದು. ಅವುಗಳಲ್ಲಿ ಆನೆಯನ್ನು ತೆಗೆದರೆ ಕಥೆಯೇ ಉಳಿಯುವುದಿಲ್ಲ.

ಮೊದಲನೆಯದು ತಲಕಾಡಿನ ಸ್ಥಳಪುರಾಣ. ಸೋಮದತ್ತನೆಂಬ ಋಷಿಯೂ ಆತನ ಶಿಷ್ಯರೂ ಕಾಡಾನೆಗಳಿಂದ ಹತರಾಗಿ, ಮರುಜನ್ಮದಲ್ಲಿ ತಾವೇ ಆನೆಗಳಾಗಿ ಹುಟ್ಟಿ, ಒಂದು ಮರವನ್ನು ಪೂಜಿಸುತ್ತಿದ್ದರು. ತಲ, ಕಾಡ ಎಂಬ ಇಬ್ಬರು ಕಿರಾತರು ಇದನ್ನು ಕಂಡು ಆ ಮರಕ್ಕೆ ಕೊಡಲಿಯಿಟ್ಟರು, ರಕ್ತವು ಹರಿಯಿತು. ಅಶರೀರವಾಣಿಯ ಆಜ್ಞೆಯಂತೆ ಅದೇ ಮರದ ಎಲೆಯನ್ನೂ ಕಾಯನ್ನೂ ಕಟ್ಟಲು ಗಾಯವು ಮಾಯಿತು. ತನಗೆ ತಾನೇ ವೈದ್ಯನಾದ ಶಿವನು ವೈದ್ಯೇಶ್ವರನೆನಿಸಿದನು. ಆನೆಗಳಿಗೂ ಕಿರಾತರಿಗೂ ಮುಕ್ತಿಯಾಯಿತು. ಕ್ಷೇತ್ರಕ್ಕೆ ಗಜಾರಣ್ಯವೆಂದು ಹೆಸರು.

ಎರಡನೆಯದು ನಂಜನಗೂಡಿನ ಐತಿಹ್ಯ. 1782 ರಿಂದ 1799 ರ ವರೆಗೆ ಆಳಿದ ಟಿಪ್ಪು ಸುಲ್ತಾನನ ಪಟ್ಟದ ಆನೆಗೆ ಕಣ್ಣು ಕಾಣದಂತಾಗಲು, ಆತನು ಕಪಿಲಾತೀರದ ಶ್ರೀಕಂಠೇಶ್ವರನಿಗೆ ಹರಕೆ ಹೊತ್ತನೆಂದೂ, ಆನೆಗೆ ದೃಷ್ಟಿಯು ಮರಳಿತೆಂದೂ, ದೇವರನ್ನು ‘ಹಕೀಂ ನಂಜುಂಡ’ನೆಂದು ಕರೆದು ಪಚ್ಚೆಯ ಲಿಂಗವನ್ನು ಅರ್ಪಿಸಿದನೆಂದೂ ಪ್ರತೀತಿ.

ಒಂದು ಪುರಾಣ, ಇನ್ನೊಂದು ಇತಿಹಾಸದ ನೆರೆಯ ಐತಿಹ್ಯ; ಇವೆರಡನ್ನು ಒಟ್ಟಿಗೆ ವಿಚಾರಿಸುವುದು ಯುಕ್ತವಲ್ಲವೆಂದು ಆಕ್ಷೇಪಿಸಬಹುದು. ಕಾಲದೃಷ್ಟಿಯಿಂದ ಆಕ್ಷೇಪವು ಸಾಧುವೇ. ಕಥೆಯ ಕಟ್ಟನ್ನು ನೋಡಿದರಾದರೋ ಸಾಮ್ಯವು ಸ್ಪಷ್ಟವಾಗಿದೆ. ಎರಡರಲ್ಲಿಯೂ ದೇವರು ವೈದ್ಯನು. ಎರಡರಲ್ಲಿಯೂ ಆತನ ಬಳಿಗೆ ಬರುವವರು ಶಾಸ್ತ್ರೋಕ್ತ ಅಧಿಕಾರಿಗಳಲ್ಲ: ಅಲ್ಲಿ ಕಿರಾತರು, ಇಲ್ಲಿ ಅನ್ಯಮತದ ದೊರೆ. ಎರಡರಲ್ಲಿಯೂ ಅವರನ್ನು ಕರೆತರುವುದು ಆನೆ. ಗಜೇಂದ್ರಮೋಕ್ಷದ ಆನೆಯೂ ಕಾಳಹಸ್ತಿಯ ಆನೆಯೂ ಭಕ್ತಿಯಿಂದ ತಾವು ಮುಕ್ತಿ ಪಡೆದುವು. ಈ ಸೀಮೆಯ ಆನೆಗಳು ಇತರರಿಗೂ ದಾರಿಯಾದುವು. ಮಂತ್ರವನ್ನರಿಯದ ಮೃಗಕ್ಕೆ ಪೂಜೆಯೂ ಪ್ರಸಾದವೂ ಸಲ್ಲುವುದಾದರೆ, ಮಂತ್ರಾಧಿಕಾರವಿಲ್ಲದ ಮನುಷ್ಯನನ್ನು ಬಾಗಿಲಲ್ಲಿ ತಡೆಯುವವರಾರು? ಕಥೆಗಾರರು ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಲಿಲ್ಲ. ಆನೆಯನ್ನು ಮುಂದಿಟ್ಟು ಉತ್ತರವನ್ನೇ ಹೇಳಿದರು.

ಇದಕ್ಕೆ ಆನೆಯೇ ಏಕೆ ಬೇಕಾಯಿತು? ತಲಕಾಡು ಗಂಗರ ರಾಜಧಾನಿ. ಗಜವು ಅವರ ಲಾಂಛನ. ಗಂಗ ದೊರೆ ಶಿವಮಾರನ ‘ಗಜಾಷ್ಟಕ’ವು ಇಂದು ಉಪಲಬ್ಧವಿಲ್ಲ, ಆದರೆ ಅದು ಒನಕೆವಾಡಾಗಿತ್ತೆಂದು ಶಾಸನದಿಂದ ತಿಳಿದುಬರುತ್ತದೆ. ಅರಮನೆಯ ಗಜವಿದ್ಯೆಯು ಬತ್ತ ಕುಟ್ಟುವವರ ಬಾಯಿಗೂ ಬಂದಿತ್ತೆಂದಾಯಿತು. ಅದೇ ತಾಲ್ಲೂಕಿನ ಸೋಮನಾಥಪುರದಲ್ಲಿ, 1268 ರಲ್ಲಿ ಸೋಮನಾಥ ದಂಡನಾಯಕನು ಕಟ್ಟಿಸಿದ ಕೇಶವ ದೇವಾಲಯದ ಭಿತ್ತಿಯ ಅಡಿಯಲ್ಲಿ ಮೊದಲ ಪಟ್ಟಿಕೆಯು ಆನೆಗಳದು. ಕುದುರೆ, ಲತೆ, ಪುರಾಣಕಥೆಗಳೆಲ್ಲ ಅದರ ಮೇಲಿವೆ. ದೊರೆಗೂ ಒಕ್ಕಲಿಗೂ ಶಿಲ್ಪಿಗೂ ಸಮಾನವಾಗಿ ಪರಿಚಿತವಾಗಿದ್ದ ಮೃಗವೇ ಅವರೆಲ್ಲರ ನಡುವೆ ಮಧ್ಯಸ್ಥನಾಗಬಲ್ಲುದು.

ಎರಡು ಕಥೆಗಳಿಗೂ ತಾರತಮ್ಯವುಂಟು. ತಲಕಾಡಿನ ಪುರಾಣವು ಋಷಿಯನ್ನು ಕೊಂದ ಆನೆಗಳ ರೌದ್ರವನ್ನು ಮರೆಮಾಡದಿರುವುದು ಅದರ ಗುಣ. ಆದರೆ ಪೂಜಿಸುವ ಆನೆಗಳನ್ನು ಪೂರ್ವಜನ್ಮದ ಋಷಿಗಳೆಂದು ಹೇಳಿ, ಮೃಗಕ್ಕೆ ಕೊಟ್ಟ ಗೌರವವನ್ನು ಅರ್ಧ ಹಿಂದಕ್ಕೆ ತೆಗೆದುಕೊಂಡಿದೆ. ನಂಜನಗೂಡಿನ ಆನೆಗೆ ಪೂರ್ವಜನ್ಮವಿಲ್ಲ, ತಪಸ್ಸಿಲ್ಲ. ಅದಕ್ಕಿರುವುದು ಕಣ್ಣಿನ ಬೇನೆಯೊಂದೇ. ಬರಿಯ ಆನೆಯಾಗಿಯೇ ಅದು ದೇವರ ಕರುಣೆಗೆ ಪಾತ್ರವಾಯಿತು. ಶಾಸ್ತ್ರದ ಮುದ್ರೆಯಿಲ್ಲದ ಈ ಜನವಾರ್ತೆಯು ಭಾವದಲ್ಲಿ ಪುರಾಣಕ್ಕಿಂತ ಒಂದು ಹೆಜ್ಜೆ ಮುಂದಿದೆಯೆಂದು ಒಪ್ಪಬೇಕಾಗುತ್ತದೆ.