ಹಳಿ ತೊಳೆಯುವವರ ಕಡೆಯಿಂದ

ಮಂತ್ರಿಗಳು, ದೊಡ್ಡ ಅಧಿಕಾರಿಗಳು ಖಾಸಗಿ ವಿಮಾನದಲ್ಲಿ ಹೋಗಬೇಕೋ ರೈಲಿನಲ್ಲಿ ಹೋಗಬೇಕೋ ಎಂಬ ಚರ್ಚೆ ನಮ್ಮಲ್ಲಿ ಆಗಾಗ ಏಳುತ್ತದೆ. ನಾಲ್ಕು ದಿನ ಕೂಗಾಡಿ ಮಲಗಿಬಿಡುತ್ತದೆ. 2023ರ ಡಿಸೆಂಬರಿನಲ್ಲಿ ಆದದ್ದೂ ಅದೇ. ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಸರ್ಕಾರವೇ ಸಾರಿತ್ತು. ಪರಿಹಾರ ಕೇಳಲು ದೆಹಲಿಗೆ ಹೋದ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಐಷಾರಾಮಿ ಜೆಟ್ಟಿನಲ್ಲಿ ಕೂತಿದ್ದ ವಿಡಿಯೋವನ್ನು ಅವರ ಸಂಪುಟದ ಮಂತ್ರಿಯೇ ಹರಿಯಬಿಟ್ಟರು. ಬಿಜೆಪಿಯವರು ಬೊಬ್ಬೆ ಹಾಕಿದರು. ನಿಮ್ಮ ಮೋದಿ ಯಾವುದರಲ್ಲಿ ಓಡಾಡ್ತಾರೆ ಅಂತ ಮುಖ್ಯಮಂತ್ರಿಗಳು ತಿರುಗಿ ಕೇಳಿದರು. ಅಲ್ಲಿಗೆ ಚರ್ಚೆ ಮುಗೀತು.

ಇದು ಒಂದೇ ಪಂಕ್ತಿಯಲ್ಲಿ ಕೂತವರು, ನಿನ್ನ ಎಲೆಗೆ ತುಪ್ಪ ಜಾಸ್ತಿ ಬಿತ್ತು ಅಂತ ಜಗಳಾಡಿದ ಹಾಗೆ. ಎಂಜಲೆಲೆ ಎತ್ತುವವರನ್ನು ಯಾರೂ ಕೇಳಲಿಲ್ಲ.

ನಾವು ವಿಮಾನದ ಶತ್ರುಗಳಲ್ಲ. ಊರು ನೆರೆಯಲ್ಲಿ ಮುಳುಗಿದಾಗ ಹೆಲಿಕಾಪ್ಟರ್ ಬೇಕು. ಬೆಂಗಳೂರಿನಿಂದ ದೆಹಲಿಗೆ ರೈಲಿನಲ್ಲಿ ಹೆಚ್ಚುಕಮ್ಮಿ ಒಂದೂವರೆ ದಿನ. ಅವಸರದ ಕೆಲಸಕ್ಕೆ ಅದರಲ್ಲೇ ಹೋಗಿ ಎನ್ನುವುದು ಹಟ. ಆದರೆ ದಿನಕ್ಕೆ ಹತ್ತಾರು ಸಾಮಾನ್ಯ ವಿಮಾನ ಹಾರುವ ದಾರಿಯಲ್ಲಿ, ಬರದ ಹೆಸರು ಹೇಳಿಕೊಂಡು ಹೋಗುವವರಿಗೆ ಬೇರೆಯೇ ಜೆಟ್ ಯಾಕೆ? ಇದಕ್ಕೆ ಮೋದಿಯವರನ್ನು ತೋರಿಸುವುದು ಉತ್ತರವಲ್ಲ.

ಇನ್ನು ರೈಲಿನ ಪೂಜಾರಿಗಳ ವಿಷಯ. ಮಂತ್ರಿ ರೈಲು ಹತ್ತಿದರೆ ಸಾಕು, ಮಧ್ಯಮವರ್ಗದ ಕಣ್ಣು ಒದ್ದೆಯಾಗುತ್ತದೆ. ಅವರು ಹತ್ತಿದ್ದು ಯಾವ ಡಬ್ಬಿ ಅಂತ ಕೇಳೋರಿಲ್ಲ. ಕೇಂದ್ರ ಸರ್ಕಾರ 2017ರಲ್ಲಿ ಹೊರಡಿಸಿದ ಪ್ರಯಾಣ ಭತ್ಯೆಯ ಆದೇಶ ಓದಿ. 14ನೇ ಹಂತ ಮತ್ತು ಮೇಲಿನವರಿಗೆ ವಿಮಾನದ ಬಿಸಿನೆಸ್ ಕ್ಲಾಸು, ಇಲ್ಲವೇ ರೈಲಿನ ಮೊದಲ ದರ್ಜೆ ಎ.ಸಿ. 12 ಮತ್ತು 13ಕ್ಕೆ ವಿಮಾನದ ಎಕಾನಮಿ. 6ರಿಂದ 11ರವರೆಗೆ ರೈಲಾದರೆ ಎರಡನೇ ದರ್ಜೆ ಎ.ಸಿ. 5 ಮತ್ತು ಕೆಳಗಿನವರಿಗೆ ವಿಮಾನವೇ ಇಲ್ಲ. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಅಂದದ್ದು ಜಾತಿಯ ಬಗ್ಗೆ. ಅದೇ ಏಣಿಗೆ ಇಲ್ಲಿ ಸರ್ಕಾರಿ ಮೊಹರು ಬಿದ್ದಿದೆ. ಮೇಲಿನವನನ್ನು ಕಂಡು ಹೊಟ್ಟೆಕಿಚ್ಚು, ಕೆಳಗಿನವನನ್ನು ಕಂಡು ಸಮಾಧಾನ. ಏಣಿಯನ್ನೇ ಕಿತ್ತುಹಾಕುವ ಮಾತು ಯಾವ ಹಂತದಿಂದಲೂ ಬರುವುದಿಲ್ಲ.

2009ರಲ್ಲಿ ಮಿತವ್ಯಯದ ಗದ್ದಲ ಎದ್ದಾಗ, ಆಗ ವಿದೇಶಾಂಗ ರಾಜ್ಯ ಸಚಿವರಾಗಿದ್ದ ಶಶಿ ತರೂರರು ವಿಮಾನದ ಎಕಾನಮಿಯನ್ನು 'ಕ್ಯಾಟಲ್ ಕ್ಲಾಸ್' ಅಂದರು. ತಮಾಷೆಗೆ ಅಂದೆ ಅಂದರು. ಇರಲಿ. ವಿಮಾನದ ಸೀಟೇ ದನದ ಕೊಟ್ಟಿಗೆಯಾದರೆ, ಜನರಲ್ ಬೋಗಿಯ ಕಕ್ಕಸಿನ ಬಾಗಿಲಲ್ಲಿ ಕೂಸು ಮಲಗಿಸಿಕೊಂಡು ಗುಳೆ ಹೋಗುವ ನಮ್ಮ ತಾಯಂದಿರು ಏನು?

ರೈಲು ಎಲ್ಲರನ್ನೂ ಸಮ ಮಾಡುತ್ತದೆ ಎಂಬ ಪುರಾಣವನ್ನೂ ನಾವು ನಂಬುವುದಿಲ್ಲ. 1901ರಲ್ಲಿ ಬಾಲಕ ಭೀಮರಾವ್ ಅಪ್ಪನನ್ನು ನೋಡಲು ಸಾತಾರಾದಿಂದ ಹೊರಟು ಮಸೂರ್ ಸ್ಟೇಷನ್ನಿನಲ್ಲಿ ಇಳಿದರು. ಒಳ್ಳೇ ಬಟ್ಟೆ ನೋಡಿ ಮಾತಾಡಿಸಿದ ಸ್ಟೇಷನ್ ಮಾಸ್ತರ, ಮಹಾರರ ಮಕ್ಕಳು ಅಂತ ತಿಳಿದ ಕೂಡಲೆ ಹಿಂದೆ ಸರಿದ. ಗಾಡಿಯವರು ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ದುಪ್ಪಟ್ಟು ಬಾಡಿಗೆ ಕೊಟ್ಟು ಮಕ್ಕಳೇ ಗಾಡಿ ಹೊಡೆಯಬೇಕಾಯಿತು. ಗಾಡಿಯವನು ಪಕ್ಕದಲ್ಲಿ ನಡೆದ. ಕುಡಿಯಲು ನೀರು ಸಿಗಲಿಲ್ಲ. ರೈಲು ಹೊತ್ತು ತಂದವರನ್ನು ಊರು ಮುಟ್ಟಲಿಲ್ಲ.

ಆ ರೈಲಿನ ಅಡಿಗೂ ನೋಡಬೇಕು. ದಶಕಗಳ ಕಾಲ ಬೋಗಿಯ ಕಕ್ಕಸು ನೇರ ಹಳಿಗೆ ಸುರಿಯಿತು. ಗುಡಿಸಿ ತೊಳೆದವರು ಯಾವ ಕೇರಿಯವರು ಅಂತ ಹೇಳಬೇಕಾಗಿಲ್ಲ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯಿದೆ ರೈಲು ಹಳಿಯ ಹೆಸರನ್ನೂ ಹೇಳಿತು. ಜತೆಗೇ ಒಂದು ಕಿಂಡಿ ಬಿಟ್ಟಿತು: ಸರ್ಕಾರ ಸೂಚಿಸಿದ ಸಲಕರಣೆ, ರಕ್ಷಣಾ ಉಡುಪು ಇದ್ದರೆ ಅಂಥವನು ಮಲ ಹೊರುವವನೆಂದು ಲೆಕ್ಕವಿಲ್ಲ! ಕೈಗವಸು ಹಾಕಿದರೆ ಜಾತಿ ಕಳಚುತ್ತದೆಯೇ? ಹಳಿಯ ಮೇಲಿನ ಈ ಕೆಲಸ ಕೊನೆಗಾಣಿಸಲು ಗಡುವು ಹಾಕಿಕೊಳ್ಳಿ ಎಂದು 2014ರಲ್ಲಿ ಸುಪ್ರೀಂ ಕೋರ್ಟು ರೈಲ್ವೆಗೆ ಹೇಳಬೇಕಾಯಿತು. ಜೈವಿಕ ಶೌಚಾಲಯ ಬಂದದ್ದು ಒಳ್ಳೆಯದೇ. ಬರಲು ಇಷ್ಟು ತಡವಾದದ್ದು ತಂತ್ರಜ್ಞಾನವಿಲ್ಲದೆ ಅಲ್ಲ. ಪೊರಕೆ ಹಿಡಿಯುವ ಕೈ ಅಗ್ಗವಾಗಿ ಸಿಗುತ್ತಿದ್ದುದರಿಂದ.

2020ರ ಮೇ ತಿಂಗಳನ್ನು ಮರೆಯುವುದು ಹೇಗೆ? ಕೂಲಿಕಾರರು ಊರಿಗೆ ಹೋಗ್ತೀವಿ, ರೈಲು ಕೊಡಿ ಅಂದರು. ನಮ್ಮ ರಾಜ್ಯ ಸರ್ಕಾರ ಬಿಲ್ಡರುಗಳ ಜತೆ ಕೂತು ಮಾತಾಡಿ ಆ ರೈಲುಗಳನ್ನು ನಿಲ್ಲಿಸಿತು. ಛೀಮಾರಿ ಬಿದ್ದ ಮೇಲೆ ಮತ್ತೆ ಬಿಟ್ಟಿತು. ಅದೇ ಮೇ 8ರ ಬೆಳಗಿನ ಜಾವ, ರೈಲು ಹಿಡಿಯಲು ನಡೆದು ನಡೆದು ಸುಸ್ತಾಗಿ, ಔರಂಗಾಬಾದ್ ಜಿಲ್ಲೆಯ ಕರ್ಮಾಡ್ ಹತ್ತಿರ ಹಳಿಯ ಮೇಲೇ ಮಲಗಿದ್ದ 16 ಕೂಲಿಕಾರರ ಮೇಲೆ ಗೂಡ್ಸ್ ಗಾಡಿ ಹರಿಯಿತು. ರೊಟ್ಟಿಗಳು ಹಳಿಯ ಮೇಲೆ ಉಳಿದವು.

ಆದ್ದರಿಂದ ಜೆಟ್ಟೋ ರೈಲೋ ಎಂಬ ಪ್ರಶ್ನೆ ನಮ್ಮದಲ್ಲ. ನಮ್ಮದು ಬೇರೆ. ಜನರ ದುಡ್ಡಿನಲ್ಲಿ ಬಾಡಿಗೆ ಜೆಟ್ ಹತ್ತಿದರೆ, ಯಾಕೆ ಹತ್ತಿದಿರಿ, ಎಷ್ಟಾಯಿತು ಅಂತ ಅವತ್ತೇ ಜನರ ಮುಂದಿಡಿ. ರೈಲು ಹತ್ತುವುದಾದರೆ ಫೋಟೋದವರಿಲ್ಲದೆ, ಮುಂಗಡ ಸೀಟಿಲ್ಲದೆ ಜನರಲ್ ಬೋಗಿ ಹತ್ತಿ. ಒಂದು ರಾತ್ರಿ ಸಾಕು. ಬೆಳಿಗ್ಗೆ ಇಳಿದ ಮೇಲೆ ಆ ಡಬ್ಬಿ ತೊಳೆಯಲು ಬರುವವರ ಹೆಸರು ಕೇಳಿ, ಕೂಲಿ ಎಷ್ಟು ಅಂತ ಕೇಳಿ. ಆಮೇಲೆ ಸರಳತೆಯ ಬಗ್ಗೆ ಭಾಷಣ ಮಾಡಿ, ಕೂತು ಕೇಳ್ತೀವಿ.