ಎಸ್. 795 ಮತ್ತು ಮಲೆನಾಡಿನ ನೆರಳು

ಕರ್ನಾಟಕದ ಅರೇಬಿಕಾ ಕಾಫಿ ತೋಟಗಳಲ್ಲಿ ಎಸ್. 795 ತಳಿಗೆ ವಿಶೇಷ ಗೌರವವಿದೆ. ಅದು ಸಲ್ಲಲೇಬೇಕಾದ ಗೌರವ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಿಂದ 1940ರ ದಶಕದಲ್ಲಿ ಹೊರಬಂದ ಇದು ಎಸ್. 288 ಮತ್ತು ಕೆಂಟ್ ತಳಿಗಳ ಸಂಕರ. ಎಸ್. 288ರಲ್ಲಿ ಲೈಬೀರಿಕಾ ಎಂಬ ಇನ್ನೊಂದು ಕಾಫಿ ಪ್ರಭೇದದ ಅಂಶವಿದ್ದು, ಎಲೆತುಕ್ಕು ರೋಗವನ್ನು ತಡೆಯುವ ಗುಣ ಅಲ್ಲಿಂದ ಬಂತು. ಕೆಂಟ್‌ನಿಂದ ಬಂದದ್ದು ಬೀಜದ ಗುಣಮಟ್ಟ. ಕಾಲಾಂತರದಲ್ಲಿ ತುಕ್ಕಿನ ಹೊಸ ಬಗೆಗಳೆದುರು ಎಸ್. 795ರ ಬಲ ಕುಗ್ಗಿದೆ. ಆದರೂ ರುಚಿಗಾಗಿ ಬೆಳೆಗಾರರು ಅದನ್ನು ಕೈಬಿಟ್ಟಿಲ್ಲ. ಅರೇಬಿಕಾದ ಇತರ ತಳಿಗಳಲ್ಲಿ 2007ರಲ್ಲಿ ಬಿಡುಗಡೆಯಾದ ಚಂದ್ರಗಿರಿ ಗಿಡ್ಡ ತಳಿ.

ತಳಿ ಎಷ್ಟೇ ಒಳ್ಳೆಯದಿರಲಿ, ಇಲ್ಲಿ ತೋಟವನ್ನು ಕಾಯುವುದು ನೆರಳೇ. ಮೇಲೆ ಹಲಸು, ಅತ್ತಿ, ನಂದಿಯಂಥ ಕಾಡುಮರಗಳು, ಕೆಳಗೆ ಹಾಲುವಾಣ. ಹಾಲುವಾಣದ ಬೇರು ಮಣ್ಣಿಗೆ ಸಾರಜನಕ ಸೇರಿಸುತ್ತದೆ, ಉದುರಿದ ಎಲೆ ಗೊಬ್ಬರವಾಗುತ್ತದೆ. ಮರಗಳಿಗೆ ಹಬ್ಬಿಸಿದ ಕರಿಮೆಣಸು ಎರಡನೆಯ ಆದಾಯ. ಬಿಳಿ ಕಾಂಡಕೊರಕದ ದುಂಬಿಗೆ ಬಿಸಿಲೆಂದರೆ ಇಷ್ಟ. ನೆರಳು ತೆಳುವಾದ ಕಡೆ ಅದು ಅರೇಬಿಕಾ ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ಅದಕ್ಕೇ ಕೆಲಸಗಾರರು ತೆಂಗಿನ ನಾರಿನಿಂದ ಕಾಂಡ ಉಜ್ಜಿ, ಸಡಿಲ ತೊಗಟೆ ಕಳಚಿ ನುಣುಪು ಮಾಡುತ್ತಾರೆ. ಔಷಧಿ ಸಿಂಪಡಣೆಗಿಂತ ನಿಧಾನದ, ಆದರೆ ಮಣ್ಣಿಗೂ ನೀರಿಗೂ ಹಿತವಾದ ಕೆಲಸವಿದು.

ನೆರಳು ಅತಿಯಾದರೆ ಹೂವು ಕಡಿಮೆ, ತುಕ್ಕು ಹೆಚ್ಚು. ಹಾಗಾಗಿ ಮಳೆಗಾಲಕ್ಕೆ ಮೊದಲು ಮರಗಸಿ ಮಾಡಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿದು, ಬೆಳಕು ಬಿಡುತ್ತಾರೆ. ಮಣ್ಣಿನ ರಕ್ಷಣೆಗೂ ಉಪಾಯವಿದೆ: ಇಳಿಜಾರಿನಲ್ಲಿ ಗಿಡಗಳ ಸಾಲುಗಳ ನಡುವೆ ತೆಗೆದ ತೊಟ್ಟಿಲು ಗುಂಡಿಗಳು ಹರಿಯುವ ನೀರನ್ನೂ ಮೇಲ್ಮಣ್ಣನ್ನೂ ಹಿಡಿದಿಡುತ್ತವೆ.