ಮೈಸೂರಿಗೆ ಸ್ವಾತಂತ್ರ್ಯ ಬಂದದ್ದು ಆಗಸ್ಟ್‌ನಲ್ಲಲ್ಲ

1947ನೇ ಇಸವಿಯ ಬಗ್ಗೆ ಹಳೇ ಮೈಸೂರು ಸೀಮೆಯಲ್ಲಿ ಒಂದು ಕಥೆ ಬೇರೂರಿಬಿಟ್ಟಿದೆ. ಆಗಸ್ಟ್ 15ಕ್ಕೆ ಇಡೀ ದೇಶಕ್ಕೆ ಸ್ವಾತಂತ್ರ್ಯ ಬಂತು, ಅದರ ಜೊತೆಗೇ ನಮಗೂ ಬಂತು. ನಮ್ಮ ಮಹಾರಾಜರು ಪ್ರಜಾವತ್ಸಲರು. ಹೈದರಾಬಾದಿನ ನಿಜಾಮನ ಹಾಗೆ ತಕರಾರು ಮಾಡದೆ ಭಾರತಕ್ಕೆ ಸೇರಿದರು, ಅಧಿಕಾರವನ್ನು ಜನರ ಕೈಗೆ ಒಪ್ಪಿಸಿದರು. ಶಾಲೆಯ ಭಾಷಣಗಳಲ್ಲಿ, ಪತ್ರಿಕೆಗಳ ವಿಶೇಷ ಪುಟಗಳಲ್ಲಿ, ದಸರಾ ಹೊತ್ತಿನ ಬರಹಗಳಲ್ಲಿ ಇದೇ ಕಥೆ ಮತ್ತೆ ಮತ್ತೆ ಬರುತ್ತದೆ. ಹೇಳುವವರಲ್ಲಿ ಕೆಟ್ಟ ಉದ್ದೇಶವಿಲ್ಲ. ಕನ್ನಂಬಾಡಿಯ ನೀರಿನಲ್ಲಿ ಗದ್ದೆ ಮಾಡಿದವರ ಮಕ್ಕಳು ಮೊಮ್ಮಕ್ಕಳಿಗೆ ಅರಮನೆಯ ಮೇಲೆ ಅಕ್ಕರೆ ಇರುವುದು ಸಹಜ. ಆದರೆ ಈ ಕಥೆ ನಿಜವಲ್ಲ. ಆ ವರ್ಷದ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಲಾಠಿ ತಿಂದವರನ್ನೂ ಜೈಲು ತುಂಬಿದವರನ್ನೂ ಗುಂಡಿಗೆ ಸತ್ತವರನ್ನೂ ಅದು ಲೆಕ್ಕಕ್ಕೇ ಇಡುವುದಿಲ್ಲ.

ಆಗಸ್ಟ್ ತಿಂಗಳಲ್ಲಿ ಆದದ್ದೇನು ಎಂಬುದನ್ನು ಮೊದಲು ನೋಡಬೇಕು. ಮಹಾರಾಜ ಜಯಚಾಮರಾಜ ಒಡೆಯರು ಭಾರತಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದ್ದು ಆಗಸ್ಟ್ 9ರಂದು. ಆ ಪತ್ರದಿಂದ ದೆಹಲಿಗೆ ಹೋದದ್ದು ಮೂರೇ ವಿಷಯ: ರಕ್ಷಣೆ, ವಿದೇಶಾಂಗ ವ್ಯವಹಾರ, ಸಂಪರ್ಕ. ಮೈಸೂರಿನೊಳಗೆ ಮಂತ್ರಿ ಯಾರಾಗಬೇಕು, ಪೊಲೀಸರು ಯಾರ ಮಾತು ಕೇಳಬೇಕು, ಯಾವ ಪತ್ರಿಕೆ ಹೊರಬರಬಹುದು, ಯಾವ ಸಭೆ ನಡೆಯಬಹುದು ಎಂಬುದೆಲ್ಲ ಮೊದಲಿನ ಹಾಗೇ ಅರಮನೆ ಮತ್ತು ದಿವಾನರ ಕೈಯಲ್ಲಿ ಉಳಿಯಿತು. ಆಗ ದಿವಾನರಾಗಿದ್ದವರು ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. ಸಾಮಾನ್ಯರಲ್ಲ; ಹಿಂದಿನ ವರ್ಷವಷ್ಟೇ ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯ ಮೊದಲ ಅಧ್ಯಕ್ಷರಾಗಿದ್ದವರು. ಜಗತ್ತೆಲ್ಲ ಮನ್ನಿಸಿದ ಆ ವ್ಯಕ್ತಿಯನ್ನು ಮೈಸೂರಿನ ಒಬ್ಬ ಮತದಾರನೂ ಆರಿಸಿರಲಿಲ್ಲ, ಇಳಿಸುವ ದಾರಿಯೂ ಯಾರಿಗೂ ಇರಲಿಲ್ಲ. ಬ್ರಿಟಿಷರು ಹೋದ ಮರುದಿನವೂ ಅವರು ಅದೇ ಕುರ್ಚಿಯಲ್ಲಿದ್ದರು. ಧಾರವಾಡದ, ಮಂಗಳೂರಿನ, ಬಳ್ಳಾರಿಯ ಕನ್ನಡಿಗರಿಗೆ ಚುನಾಯಿತ ಸರ್ಕಾರವಿದ್ದ ಹೊತ್ತಿನಲ್ಲಿ ಬೆಂಗಳೂರಿನ, ತುಮಕೂರಿನ, ಮಂಡ್ಯದ ಕನ್ನಡಿಗರಿಗೆ ಅದು ಇರಲಿಲ್ಲ.

'ಮಾದರಿ ಸಂಸ್ಥಾನ' ಎಂಬ ಮಾತು ಇಲ್ಲಿ ಅಡ್ಡ ಬರುತ್ತದೆ. ಆ ಹೊಗಳಿಕೆಗೆ ಆಧಾರವಿದೆ. ದಿವಾನ್ ರಂಗಾಚಾರ್ಲು 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಕರೆದರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು. 1907ರಲ್ಲಿ ನ್ಯಾಯವಿಧಾಯಕ ಸಭೆ, 1916ರಲ್ಲಿ ವಿಶ್ವವಿದ್ಯಾನಿಲಯ ಬಂದವು. ಇವನ್ನು ಯಾರೂ ಅಲ್ಲಗಳೆಯಲಾರರು, ನಾನಂತೂ ಅಲ್ಲಗಳೆಯುವುದಿಲ್ಲ. ಆದರೆ 1881ರಿಂದ 1947ರವರೆಗೆ, 66 ವರ್ಷ, ಆ ಸಭೆಗಳಿಗೆ ಪ್ರಶ್ನೆ ಕೇಳುವ, ಅರಿಕೆ ಮಾಡಿಕೊಳ್ಳುವ ಅವಕಾಶವಿತ್ತೇ ಹೊರತು ದಿವಾನರನ್ನು ಕೆಳಗಿಳಿಸುವ ಅಧಿಕಾರ ಇರಲಿಲ್ಲ. ಒಳ್ಳೆಯ ಆಡಳಿತ ಇತ್ತು ಎಂದರೆ ಜನರ ಆಡಳಿತ ಇತ್ತು ಎಂದಾಗುವುದಿಲ್ಲ.

ಆ ಒಳ್ಳೆಯ ಆಡಳಿತಕ್ಕೆ ಕೋಪ ಬಂದಾಗ ಹೇಗಿರುತ್ತಿತ್ತು ಎಂಬುದಕ್ಕೆ 1938ರ ವಿದುರಾಶ್ವತ್ಥದ ಗೋಲಿಬಾರು ಒಂದು ಸಾಕ್ಷಿ. ಇನ್ನೊಂದು ಈಸೂರು. ಶಿಕಾರಿಪುರ ತಾಲ್ಲೂಕಿನ ಈ ಹಳ್ಳಿಯವರು 1942ರಲ್ಲಿ ಕಂದಾಯ ಕೊಡುವುದಿಲ್ಲ ಎಂದರು. ಊರಿನ ಹುಡುಗರನ್ನೇ ಅಮಲ್ದಾರ, ಸಬ್‌ಇನ್‌ಸ್ಪೆಕ್ಟರ್ ಎಂದು ಕೂರಿಸಿ ತಮ್ಮದೇ ಸರ್ಕಾರ ಘೋಷಿಸಿಕೊಂಡರು. ಸರ್ಕಾರದ ಅಮಲ್ದಾರರೂ ಸಬ್‌ಇನ್‌ಸ್ಪೆಕ್ಟರೂ ಊರಿಗೆ ಬಂದಾಗ ಘರ್ಷಣೆಯಾಗಿ ಇಬ್ಬರೂ ಸತ್ತರು. 1943ರ ಮಾರ್ಚ್‌ನಲ್ಲಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಈಸೂರಿನ ಐವರನ್ನು ಗಲ್ಲಿಗೇರಿಸಿದರು: ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ. ಅವರನ್ನು ಬ್ರಿಟಿಷರು ಗಲ್ಲಿಗೇರಿಸಿದರು ಎಂದೇ ನಾವು ಹೇಳುತ್ತ ಬಂದಿದ್ದೇವೆ. ವಿಚಾರಣೆ ನಡೆಸಿದ ಕೋರ್ಟು, ನೇಣಿನ ಕಂಬ ನಿಲ್ಲಿಸಿದ ಜೈಲು ಎರಡೂ ಮೈಸೂರು ಸಂಸ್ಥಾನದವು. ಇಷ್ಟು ನೇರ ಸಂಗತಿಯನ್ನು ಹೇಳಲು ನಾವು ಯಾಕೆ ಹಿಂಜರಿಯುತ್ತೇವೋ ನನಗೆ ಅರ್ಥವಾಗಿಲ್ಲ.

1947ರ ಸೆಪ್ಟೆಂಬರ್ ಆರಂಭದಲ್ಲಿ 'ಮೈಸೂರು ಚಲೋ' ಚಳವಳಿ ಹೊರಟದ್ದು ಈ ಹಿನ್ನೆಲೆಯಲ್ಲಿ. ಕೇಳಿದ್ದು ಒಂದನ್ನೇ: ಜವಾಬ್ದಾರಿ ಸರ್ಕಾರ, ಅಂದರೆ ಜನರು ಆರಿಸಿದವರಿಗೆ ಉತ್ತರ ಹೇಳಬೇಕಾದ ಸರ್ಕಾರ. ಮುಂದೆ ನಿಂತವರು ಮೈಸೂರು ಕಾಂಗ್ರೆಸ್ಸಿನ ಕೆ.ಸಿ. ರೆಡ್ಡಿ. ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯವರು, 1902ರಲ್ಲಿ ಹುಟ್ಟಿದವರು. ಕಾಂಗ್ರೆಸ್ಸಿಗೆ ಬರುವ ಮೊದಲು ಹಳ್ಳಿಗಾಡಿನ ಬ್ರಾಹ್ಮಣೇತರರ ಪ್ರಜಾಪಕ್ಷವನ್ನು ಕಟ್ಟಿದವರಲ್ಲಿ ಒಬ್ಬರು. 1937ರಲ್ಲಿ ಆ ಪಕ್ಷದ ಕವಲು ಕಾಂಗ್ರೆಸ್ಸಿನಲ್ಲಿ ಸೇರಿಹೋಗದೆ ಇದ್ದಿದ್ದರೆ 1947ರ ಚಳವಳಿ ಬೆಂಗಳೂರು, ಮೈಸೂರಿನ ವಕೀಲರ ಕೂಟವಾಗಿಯೇ ಉಳಿಯುತ್ತಿತ್ತು ಎಂದು ನನ್ನ ಅಭಿಪ್ರಾಯ. ಹಾಗಾಗಲಿಲ್ಲ. ಹಳ್ಳಿಗಳಿಂದ ಜನ ಬಂದರು. ಬೆಂಗಳೂರಿನ ಗಿರಣಿ ಕಾರ್ಮಿಕರು ಕೆಲಸ ಬಿಟ್ಟು ಬೀದಿಗಿಳಿದರು. ವಿದ್ಯಾರ್ಥಿಗಳು ತರಗತಿಗಳನ್ನು ತೊರೆದರು. ತಾಲ್ಲೂಕು ಕಚೇರಿಗಳ ಮುಂದೆ ಪಿಕೆಟಿಂಗ್ ನಡೆಯಿತು. 'ಆರ್ಕಾಟ್ ಬಾಯ್ಕಾಟ್' ಎಂಬ ಕೂಗು ಊರೂರಿನಲ್ಲಿ ಎದ್ದಿತು. ದಿವಾನರ ಸರ್ಕಾರ ಮುಂದಾಳುಗಳನ್ನು ಜೈಲಿಗೆ ಹಾಕಿತು, ಪತ್ರಿಕೆಗಳ ಬಾಯಿ ಕಟ್ಟಿತು.

ಪತ್ರಿಕೆಗಳ ವಿಷಯವನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. 'ಪೌರವಾಣಿ'ಯ ಎಚ್.ಎಸ್. ದೊರೆಸ್ವಾಮಿಯವರಿಗೆ ಆಗ 29 ವರ್ಷ. ಬೆಂಗಳೂರಿನಲ್ಲಿ ಪತ್ರಿಕೆ ನಡೆಸಲು ಸರ್ಕಾರ ಬಿಡದಿದ್ದಾಗ ಅವರು ಹಿಂದೂಪುರಕ್ಕೆ ಹೋಗಿ ಅಲ್ಲಿಂದ ಅದನ್ನು ಹೊರತಂದರು. ಹಿಂದೂಪುರ ಆಗ ಮೈಸೂರಿನ ಗಡಿಯಾಚೆ, ಅನಂತಪುರ ಜಿಲ್ಲೆಯಲ್ಲಿ, ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಊರು. ದಿವಾನರ ಆಜ್ಞೆ ಅಲ್ಲಿ ನಡೆಯುವಂತಿರಲಿಲ್ಲ. ಇದು ನಡೆದದ್ದು ಕೆಂಪುಕೋಟೆಯ ಮೇಲೆ ತ್ರಿವರ್ಣ ಧ್ವಜ ಹಾರಿದ ಮೇಲೆ ಎಂಬುದು ನೆನಪಿರಲಿ. ಮೈಸೂರಿನ ಒಬ್ಬ ಸಂಪಾದಕ ತನ್ನ ಸರ್ಕಾರದ ವಿರುದ್ಧ ನಾಲ್ಕು ಸಾಲು ಬರೆಯಬೇಕಾದರೆ ಸಂಸ್ಥಾನದ ಗಡಿ ದಾಟಬೇಕಾಗಿತ್ತು. ಆಗಸ್ಟ್ 15ಕ್ಕೆ ಮೈಸೂರಿಗೆ ಸ್ವಾತಂತ್ರ್ಯ ಬಂತು ಎನ್ನುವವರು ಈ ಒಂದು ಸಂಗತಿಗೆ ಏನು ಸಮಾಧಾನ ಕೊಡುತ್ತಾರೆ?

ಇನ್ನು ರಾಮಸ್ವಾಮಿ. ಮೈಸೂರಿನಲ್ಲಿ ಝಾನ್ಸಿ ಲಕ್ಷ್ಮೀಬಾಯಿ ರಸ್ತೆಯಲ್ಲಿ ಬಸ್ಸಿನವರು ದಿನವೂ 'ರಾಮಸ್ವಾಮಿ ಸರ್ಕಲ್' ಎಂದು ಕೂಗುತ್ತಾರೆ. ಆ ಹೆಸರು ಯಾವ ದೊಡ್ಡ ಅಧಿಕಾರಿಯದೂ ಅಲ್ಲ, ದಿವಾನರದಂತೂ ಅಲ್ಲ. 1947ರ ಸೆಪ್ಟೆಂಬರ್‌ನಲ್ಲಿ ಆ ಚಳವಳಿಯಲ್ಲಿ ಗುಂಡು ತಗುಲಿ ಸತ್ತ ಶಾಲಾ ವಿದ್ಯಾರ್ಥಿಯದು. ದೇಶ ಸ್ವತಂತ್ರವಾಗಿ ತಿಂಗಳು ತುಂಬುವ ಹೊತ್ತಿಗೆ ಮೈಸೂರು ನಗರದ ನಡುವೆ ಒಬ್ಬ ಹುಡುಗ ಜನರ ಸರ್ಕಾರ ಬೇಕೆಂದು ಹೋಗಿ ಪ್ರಾಣ ಬಿಟ್ಟ. ಸಂತೋಷದ ಕಥೆಯಲ್ಲಿ ಇವನಿಗೆ ಜಾಗವಿಲ್ಲ. ಅದಕ್ಕೇ ನನಗೆ ಆ ಕಥೆಯ ಮೇಲೆ ಸಿಟ್ಟು.

ಅಕ್ಟೋಬರ್ ಎರಡನೇ ವಾರದಲ್ಲಿ, ನವರಾತ್ರಿಗೆ ಕೆಲವೇ ದಿನ ಇರುವಾಗ, ಸರ್ಕಾರ ಮತ್ತು ಕಾಂಗ್ರೆಸ್ಸಿನ ನಡುವೆ ರಾಜಿಯಾಯಿತು. 25ರಂದು ಕೆ.ಸಿ. ರೆಡ್ಡಿ ಮೈಸೂರಿನ ಮೊದಲ ಮುಖ್ಯಮಂತ್ರಿಯಾದರು. ಇಲ್ಲಿ ವಿರುದ್ಧ ಪಕ್ಷದವರ ಮಾತನ್ನೂ ಕೇಳಬೇಕು. ಮಹಾರಾಜರಿಗೆ ಆಗಿನ್ನೂ 28 ವರ್ಷ, ಮನಸ್ಸು ಮೃದು, ದಿವಾನರು ದಾರಿ ತಪ್ಪಿಸಿದರು. ಚಳವಳಿ ಇಲ್ಲದಿದ್ದರೂ ಇಂದಲ್ಲ ನಾಳೆ ಅಧಿಕಾರ ಕೊಡುತ್ತಿದ್ದರು ಎನ್ನುತ್ತಾರೆ. ಇರಬಹುದು. ಆದರೆ ಆ ನಾಳೆ ಯಾವಾಗ ಬರುತ್ತಿತ್ತು? ತಿರುವಾಂಕೂರನ್ನು ನೋಡಿ. ಅಲ್ಲಿನ ದಿವಾನ್ ಸಿ.ಪಿ. ರಾಮಸ್ವಾಮಿ ಅಯ್ಯರ್ ಸ್ವತಂತ್ರ ತಿರುವಾಂಕೂರಿನ ಮಾತಾಡಿದರು. ಜುಲೈ 25ರಂದು ಅವರ ಮೇಲೆ ಹಲ್ಲೆಯಾದ ಮೇಲೆಯೇ ಆ ಸಂಸ್ಥಾನ ಭಾರತಕ್ಕೆ ಸೇರಲು ಒಪ್ಪಿದ್ದು, ಅವರು ಹುದ್ದೆ ಬಿಟ್ಟದ್ದು. ಹಲ್ಲೆಯನ್ನು ಮೆಚ್ಚಬೇಕಿಲ್ಲ, ತಾವಾಗಿಯೇ ಅಧಿಕಾರ ಬಿಡುವ ಅಭ್ಯಾಸ ಅರಮನೆಗಳಿಗೆ ಇರಲಿಲ್ಲ ಎಂಬುದನ್ನಷ್ಟೇ ಗಮನಿಸಬೇಕು. ಮೈಸೂರಿನಲ್ಲಿ ಅಧಿಕಾರ ಬಿಡಿಸುವ ಕೆಲಸವನ್ನು ಕತ್ತಿಯಿಲ್ಲದೆ ಮಾಡಿದವರು ಗಿರಣಿ ಕಾರ್ಮಿಕರು, ವಿದ್ಯಾರ್ಥಿಗಳು, ರೈತರು. ಇದು ಮೈಸೂರಿನ ಜನರ ಹೆಮ್ಮೆಯ ಸಂಗತಿ. ಆ ಹೆಮ್ಮೆಯನ್ನು ನಾವೇ ತೆಗೆದು ಅರಮನೆಗೆ ಕಾಣಿಕೆ ಕೊಟ್ಟಿದ್ದೇವೆ.

ಬೀದರ, ಕಲಬುರಗಿ, ರಾಯಚೂರುಗಳ ಜೊತೆ ಹೋಲಿಸಿ ಮೈಸೂರನ್ನು ಹೊಗಳುವ ರೂಢಿಯೂ ಇದೆ. ನಿಜಾಮನ ಆಳ್ವಿಕೆಯ ಕಷ್ಟ ಬೇರೆಯೇ ತೂಕದ್ದು. ರಜಾಕಾರರ ಹಾವಳಿಗೆ ಮೈಸೂರಿನಲ್ಲಿ ಸಮನಾದದ್ದು ಏನೂ ಇರಲಿಲ್ಲ. 1947ರ ಆಗಸ್ಟ್ 15ರಂದೇ ಅಲ್ಲಿನ ಹೋರಾಟದ ಮುಂದಾಳು ಸ್ವಾಮಿ ರಮಾನಂದ ತೀರ್ಥರನ್ನು ಹೈದರಾಬಾದ್ ಸರ್ಕಾರ ಬಂಧಿಸಿತು. ನವೆಂಬರ್ 29ರಂದು ನಿಜಾಮ ದೆಹಲಿಯ ಜೊತೆ ಯಥಾಸ್ಥಿತಿ ಒಪ್ಪಂದ ಮಾಡಿಕೊಂಡು ಇನ್ನಷ್ಟು ಕಾಲ ಗಳಿಸಿಕೊಂಡ. ಆ ಸೀಮೆಗೆ ಬಿಡುಗಡೆ ಸಿಕ್ಕಿದ್ದು 1948ರ ಸೆಪ್ಟೆಂಬರ್ 17ಕ್ಕೆ. ಆದರೆ ಎರಡೂ ಕಡೆಯ ಹೋರಾಟಗಾರರು ಮಾಡಿದ ಒಂದು ಕೆಲಸವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಅಲ್ಲಿನವರು ಗಡಿ ದಾಟಿ ಮುಂಬೈ ಪ್ರಾಂತ್ಯದ ಮುಂಡರಗಿ, ಗಜೇಂದ್ರಗಡಗಳಲ್ಲಿ ಶಿಬಿರ ಹೂಡಿದರು; ಅಳವಂಡಿ ಶಿವಮೂರ್ತಿಸ್ವಾಮಿಗಳಂಥವರು ಅಲ್ಲಿಂದ ಹೋರಾಟ ನಡೆಸಿದರು. ಇಲ್ಲಿನವರು ಗಡಿ ದಾಟಿ ಹಿಂದೂಪುರದಲ್ಲಿ ಪತ್ರಿಕೆ ಅಚ್ಚು ಹಾಕಿಸಿದರು. ಅಪಾಯದಲ್ಲಿ ಅಜಗಜಾಂತರ, ಸ್ಥಿತಿ ಒಂದೇ: ತನ್ನ ಊರಿನಲ್ಲಿ ಆಡಲಾಗದ ಮಾತನ್ನು ಪಕ್ಕದ ಜಿಲ್ಲೆಗೆ ಹೋಗಿ ಆಡುವುದು. ಕಲ್ಯಾಣ ಕರ್ನಾಟಕದವರು ಇದನ್ನು ಮರೆತಿಲ್ಲ, ಪ್ರತಿ ಸೆಪ್ಟೆಂಬರ್ 17ಕ್ಕೆ ಧ್ವಜ ಏರಿಸುತ್ತಾರೆ. ಹಳೇ ಮೈಸೂರಿನವರಿಗೆ ಅಕ್ಟೋಬರ್ 25 ಯಾವ ದಿನ ಎಂದೇ ಗೊತ್ತಿಲ್ಲ.

ಅಕ್ಟೋಬರ್‌ನಲ್ಲಿ ಎಲ್ಲವೂ ಮುಗಿಯಿತೆಂದು ನಾನು ಹೇಳುತ್ತಿಲ್ಲ. ಮಂತ್ರಿಮಂಡಲ ಬಂದ ಮೇಲೂ ದಿವಾನ್ ಹುದ್ದೆ ಹೋಗಲಿಲ್ಲ, ಮೊದಲಿಯಾರ್ 1949ರವರೆಗೂ ಮುಂದುವರಿದರು. ಭಾರತದ ಸಂವಿಧಾನವೇ ಮೈಸೂರಿನ ಸಂವಿಧಾನವೂ ಆಗುತ್ತದೆಂದು ಮಹಾರಾಜರು ಘೋಷಿಸಿದ್ದು ಆ ವರ್ಷದ ನವೆಂಬರ್ 25ರಂದು. ಗೇಣಿದಾರರಿಗೆ ಭೂಮಿ ಸಿಗಲು 1974ರ ಕಾನೂನಿನವರೆಗೆ ಕಾಯಬೇಕಾಯಿತು. 'ಮೈಸೂರು ಚಲೋ'ದಲ್ಲಿ ನಡೆದ ರೈತನಿಗೆ ರೆಡ್ಡಿಯವರ ಸರ್ಕಾರ ಮಾಡಬೇಕಾದಷ್ಟು ಮಾಡಲಿಲ್ಲ ಎಂಬ ದೂರು ನನಗೂ ಇದೆ.

ಜಯಚಾಮರಾಜ ಒಡೆಯರ ಗೌರವಕ್ಕೆ ಇದರಿಂದ ಕುಂದು ಬರುವುದೂ ಇಲ್ಲ. ಶ್ರೀವಿದ್ಯೆಯ ಮುದ್ರೆ ಇಟ್ಟು ಅವರು ರಚಿಸಿದ ಕೃತಿಗಳನ್ನು ಇಂದಿಗೂ ಕಚೇರಿಗಳಲ್ಲಿ ಹಾಡುತ್ತಾರೆ. ಪಾಶ್ಚಾತ್ಯ ಸಂಗೀತದಲ್ಲೂ ದೊಡ್ಡ ಪಂಡಿತರು. ರಾಜಪ್ರಮುಖರಾಗಿ, ರಾಜ್ಯಪಾಲರಾಗಿ ಹೊಸ ವ್ಯವಸ್ಥೆಗೆ ತಕ್ಕಂತೆ ಘನತೆಯಿಂದ ನಡೆದುಕೊಂಡರು. ಇವೆಲ್ಲ ಅವರದೇ, ಅವರಿಗೇ ಸಲ್ಲಲಿ. ಅವರು ಮಾಡದ ಕೆಲಸವನ್ನೂ ಅವರ ಹೆಸರಿಗೆ ಬರೆಯುವ ಅಗತ್ಯ ಏನಿದೆ? ನಮ್ಮ ಪಠ್ಯಪುಸ್ತಕಗಳಲ್ಲಿ ಸಂಸ್ಥಾನಗಳ ಏಕೀಕರಣದ ಪಾಠ ಪಟೇಲರಿಂದ ಶುರುವಾಗಿ ಹೈದರಾಬಾದಿನಲ್ಲಿ ನಿಲ್ಲುತ್ತದೆ. ಅದರ ಪಕ್ಕದಲ್ಲೇ ಮೈಸೂರು ಚಲೋಗೆ ಎರಡು ಪುಟ ಬೇಕು. ಕೆ.ಸಿ. ರೆಡ್ಡಿ, ಹಿಂದೂಪುರದ ಪತ್ರಿಕೆ, ಬೆಂಗಳೂರಿನ ಗಿರಣಿಗಳು, ಹುಡುಗ ರಾಮಸ್ವಾಮಿ ಎಲ್ಲರೂ ಅದರಲ್ಲಿ ಇರಲಿ. ಈಸೂರಿನ ಐವರನ್ನು ನೇಣಿಗೆ ಹಾಕಿದ್ದು ಯಾವ ಸರ್ಕಾರ ಎಂಬುದನ್ನೂ ಮಕ್ಕಳಿಗೆ ಮರೆಮಾಚದೆ ತಿಳಿಸಲಿ.